ಪರಮಾಣುವಿಗೆ ಲೆಕ್ಕವಿದೆ, ಗುಡ್ಡಕ್ಕೇಕಿಲ್ಲ?

ಕಳೆದ ಬಾರಿ ನಮ್ಮ ಬಳಗದ ಸಭೆ ಸೇರಿದಾಗ ಕಿರಿಯ ಮಿತ್ರರೊಬ್ಬರು ಪತ್ರಿಕೆಯ ತುಣುಕೊಂದನ್ನು ಹಿಡಿದುಕೊಂಡು ಬಂದಿದ್ದರು. ಮಿಶ್ರಲೋಹಗಳ ಒಳಗೆ ಲಿಥಿಯಂ ಎಲ್ಲಿ ಅಡಗಿದೆ ಎಂಬುದನ್ನು ನ್ಯಾನೊಮೀಟರ್ ಮಟ್ಟದಲ್ಲಿ ಗುರುತಿಸಿ ನಕ್ಷೆ ಬರೆಯುವ ವಿಜ್ಞಾನದ ಕುರಿತ ಬರಹ ಅದು. ಅದನ್ನು ಓದಿ ಹೇಳಿ ಅವರು ನಕ್ಕರು. "ಸರ್, ವಿಮಾನ ಮಾಡುವವರಿಗೆ ಇದು ಬೇಕು. ಅಡಿಕೆ ಸುಲಿಯುವ ನಮಗೆ ಇದರಿಂದ ಏನಾಗಬೇಕು?" ಎಂದರು. ಸಭೆಯೂ ನಕ್ಕಿತು. ನಾನು ಆ ಹೊತ್ತಿಗೆ ಸುಮ್ಮನಿದ್ದೆ. ಮನೆಗೆ ಬಂದ ಮೇಲೆ ನನ್ನ ಮೌನ ತಪ್ಪೆನ್ನಿಸಿತು. ಆ ತುಣುಕಿನಲ್ಲಿ ನಮಗೆ ಬೇಕಾದ ಸಂಗತಿಯಿದೆ. ಅಷ್ಟೇ ಅಲ್ಲ, ನಮ್ಮ ಹೋರಾಟದ ಕೈಗೆ ಸಿಗಬೇಕಾದ ಒಂದು ಆಯುಧವೇ ಇದೆ. ಅದನ್ನು ನಕ್ಕು ಪಕ್ಕಕ್ಕಿಡುವುದು ನಮಗೆ ನಾವೇ ಮಾಡಿಕೊಳ್ಳುವ ಅನ್ಯಾಯ. ಆದ್ದರಿಂದ ಈ ಬರಹ.

ನನ್ನ ವಾದವನ್ನು ಮೊದಲೇ ಹೇಳಿಬಿಡುತ್ತೇನೆ. ಲೋಹದ ತುಂಡೊಂದರಲ್ಲಿ ಲಿಥಿಯಂನ ಒಂದೊಂದು ಪರಮಾಣು ಎಲ್ಲಿ ಕುಳಿತಿದೆಯೆಂದು ಹೇಳಬಲ್ಲ ನಾಗರಿಕತೆಗೆ, ಅದೇ ಲಿಥಿಯಂ ಇರುವ ಗುಡ್ಡದ ಬಗ್ಗೆ, ಆ ಗುಡ್ಡದಿಂದ ಇಳಿಯುವ ಹಳ್ಳದ ಬಗ್ಗೆ, ಹಳ್ಳದ ದಡದ ತೋಟದ ಬಗ್ಗೆ "ಅಂದಾಜಿನಲ್ಲಿ ಇಷ್ಟು" ಎಂದು ಹೇಳಿ ಹರಾಜು ಕೂಗುವ ಹಕ್ಕಿಲ್ಲ. ಅಳೆಯಲಾಗದು ಎಂಬ ನೆವ ಇನ್ನು ನಡೆಯದು. ಅಳೆಯಲು ಮನಸ್ಸಿಲ್ಲ ಎಂದು ಒಪ್ಪಿಕೊಳ್ಳಲಿ.

ಕಣ್ಣಿಗೆ ಬೀಳದ ಧಾತು

ಲಿಥಿಯಂ ಧಾತುಗಳ ಸಾಲಿನಲ್ಲಿ ಮೂರನೆಯದು. ಲೋಹಗಳಲ್ಲೆಲ್ಲ ಅತಿ ಹಗುರ; ನೀರಿನ ಮೇಲೆ ತೇಲುವಷ್ಟು ಹಗುರ. ಅಲ್ಯೂಮಿನಿಯಂಗೆ ತೂಕದಲ್ಲಿ ನೂರಕ್ಕೆ ಒಂದು ಭಾಗ ಲಿಥಿಯಂ ಬೆರೆಸಿದರೆ ಅದರ ಸಾಂದ್ರತೆ ಸುಮಾರು ಶೇಕಡ 3ರಷ್ಟು ಇಳಿಯುತ್ತದೆ, ಬಿಗುವು ಸುಮಾರು ಶೇಕಡ 6ರಷ್ಟು ಏರುತ್ತದೆ. ಹಗುರವೂ ಆಗಬೇಕು, ಗಟ್ಟಿಯೂ ಆಗಬೇಕು ಎನ್ನುವ ವಿಮಾನ ತಯಾರಕರಿಗೆ ಇದಕ್ಕಿಂತ ದೊಡ್ಡ ವರ ಬೇರೆ ಯಾವುದು? 1998ರಲ್ಲಿ ಅಮೆರಿಕದ ಬಾಹ್ಯಾಕಾಶ ನೌಕೆಯ ಹೊರಗಿನ ಇಂಧನ ತೊಟ್ಟಿಯನ್ನು ಈ ಬಗೆಯ ಮಿಶ್ರಲೋಹದಿಂದ ಮಾಡಿದಾಗ ಅದರ ತೂಕ ಸುಮಾರು 3,400 ಕಿಲೊ ಕಡಿಮೆಯಾಯಿತು. ನಮ್ಮ ಬೆಂಗಳೂರಿನಲ್ಲೇ ಜೋಡಣೆಯಾಗುವ ತೇಜಸ್ ವಿಮಾನದ ಒಡಲಲ್ಲೂ ಅಲ್ಯೂಮಿನಿಯಂ-ಲಿಥಿಯಂ ಮಿಶ್ರಲೋಹವಿದೆ.

ಆದರೆ ಈ ವರ ಸುಲಭವಾಗಿ ಒಲಿದದ್ದಲ್ಲ. 1950ರ ದಶಕದ ಕೊನೆಯಲ್ಲಿ ಅಮೆರಿಕದ ನೌಕಾಪಡೆಯ ವಿಜಿಲಾಂಟೆ ವಿಮಾನದ ರೆಕ್ಕೆಗಳಿಗೆ 2020 ಎಂಬ ಸಂಖ್ಯೆಯ ಲಿಥಿಯಂ ಮಿಶ್ರಲೋಹವನ್ನು ಬಳಸಿದರು. ಮುರಿತವನ್ನು ತಡೆದುಕೊಳ್ಳುವ ಗುಣ ಅದರಲ್ಲಿ ಸಾಲದೆಂದು ಮುಂದಿನ ದಶಕದಲ್ಲಿ ಅದರ ತಯಾರಿಕೆಯನ್ನೇ ಕೈಬಿಡಬೇಕಾಯಿತು. ಒಟ್ಟು ಲಿಥಿಯಂ ಎಷ್ಟು ಎಂಬುದು ಅವರಿಗೆ ಚೆನ್ನಾಗಿಯೇ ಗೊತ್ತಿತ್ತು. ಅದು ಲೋಹದ ಒಳಗೆ ಎಲ್ಲಿ ಗುಂಪುಗೂಡಿದೆ, ಎಲ್ಲಿ ಬರಿದಾಗಿದೆ ಎಂಬುದು ಮಸುಕಾಗಿತ್ತು.

ಇಂಥ ಲೋಹವನ್ನು ಹದವಾಗಿ ಕಾಯಿಸಿದಾಗ ಲಿಥಿಯಂ ಪರಮಾಣುಗಳು ಅಲ್ಯೂಮಿನಿಯಂ ಜೊತೆ ಸೇರಿ ಕೆಲವೇ ನ್ಯಾನೊಮೀಟರ್ ಅಗಲದ ಗುಂಡಗಿನ ಕಣಗಳಾಗುತ್ತವೆ. ತಾಮ್ರವೂ ಇದ್ದರೆ ಒಂದೂವರೆ ನ್ಯಾನೊಮೀಟರ್‌ಗಿಂತ ತೆಳುವಾದ ಬಿಲ್ಲೆಗಳಾಗುತ್ತವೆ. ಒಂದು ಮಿಲಿಮೀಟರನ್ನು ಹತ್ತು ಲಕ್ಷ ಪಾಲು ಮಾಡಿದರೆ ಬರುವ ಒಂದು ಪಾಲು ನ್ಯಾನೊಮೀಟರ್. ಲೋಹದ ಶಕ್ತಿಯೆಲ್ಲ ಈ ಕಣ ಮತ್ತು ಬಿಲ್ಲೆಗಳ ಹಂಚಿಕೆಯಲ್ಲಿದೆ. ಲೋಹದ ಹರಳುಗಳು ಒಂದಕ್ಕೊಂದು ತಾಗುವ ಗಡಿಯಲ್ಲಿ ದೊಡ್ಡ ಕಣಗಳು ಬೆಳೆದರೆ ಅವು ಅಕ್ಕಪಕ್ಕದ ಲಿಥಿಯಮನ್ನೆಲ್ಲ ಎಳೆದುಕೊಂಡು, ಗಡಿಯುದ್ದಕ್ಕೂ ಒಂದು ಬರಿದಾದ ಪಟ್ಟಿಯನ್ನು ಉಳಿಸುತ್ತವೆ. ಊರಿನ ಒಂದು ಆಳದ ಕೊಳವೆಬಾವಿ ಸುತ್ತಲಿನ ತೆರೆದ ಬಾವಿಗಳನ್ನೆಲ್ಲ ಒಣಗಿಸುವ ಹಾಗೆಯೇ ಇದು. ಬಿರುಕು ಹುಟ್ಟುವುದು ಆ ಬರಿದಾದ ಪಟ್ಟಿಯಲ್ಲಿ. ಇಡೀ ತುಂಡಿನ ಸರಾಸರಿ ಲೆಕ್ಕ ನೋಡಿದವನಿಗೆ ಎಲ್ಲವೂ ಸರಿಯಾಗಿಯೇ ಕಾಣುತ್ತದೆ.

ಆ ಪಟ್ಟಿಯನ್ನು ನೋಡುವುದಾದರೂ ಹೇಗೆ? ಸಾಮಾನ್ಯ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಧಾತುವನ್ನು ಗುರುತಿಸುವುದು ಅದು ಹೊಮ್ಮಿಸುವ ಕ್ಷ-ಕಿರಣದಿಂದ. ಲಿಥಿಯಂನ ಬಳಿ ಇರುವುದೇ ಮೂರು ಎಲೆಕ್ಟ್ರಾನ್. ಅದು ಹೊಮ್ಮಿಸುವ ಕಿರಣದ ಶಕ್ತಿ ಕೇವಲ 54 ಎಲೆಕ್ಟ್ರಾನ್ ವೋಲ್ಟ್. ಮಾಮೂಲಿ ಪತ್ತೆಯಂತ್ರದ ತೆಳುಕಿಟಕಿಯನ್ನೂ ಅದು ದಾಟಲಾರದು. ಎಲೆಕ್ಟ್ರಾನ್‌ಗಳು ಲೋಹವನ್ನು ಹಾಯ್ದು ಬರುವಾಗ ಕಳೆದುಕೊಂಡ ಶಕ್ತಿಯನ್ನು ಅಳೆಯುವ ಇನ್ನೊಂದು ಉಪಾಯವಿದೆ. ಅಲ್ಲಿಯೂ ಲಿಥಿಯಂನ ಕ್ಷೀಣ ಗುರುತು ಅಲ್ಯೂಮಿನಿಯಂನ ಗದ್ದಲದಲ್ಲಿ ಮುಳುಗಿಹೋಗುತ್ತದೆ. ಸಾಲದ್ದಕ್ಕೆ, ನೋಡಲೆಂದು ಹಾಯಿಸಿದ ಎಲೆಕ್ಟ್ರಾನ್ ಕಿರಣವೇ ಈ ಹಗುರ ಪರಮಾಣುವನ್ನು ಜಾಗದಿಂದ ಕದಲಿಸಿಬಿಡುತ್ತದೆ.

ಇಷ್ಟೆಲ್ಲ ತೊಡಕುಗಳಿದ್ದರೂ ವಿಜ್ಞಾನಿಗಳು ಕೈಚೆಲ್ಲಲಿಲ್ಲ. ಲೋಹವನ್ನು ತುದಿಯಲ್ಲಿ ನೂರು ನ್ಯಾನೊಮೀಟರ್ ಆಸುಪಾಸಿನಷ್ಟು ಚೂಪಾದ ಸೂಜಿಯಾಗಿ ಮಾಡಿ, ಪ್ರಬಲ ವಿದ್ಯುತ್ ಕ್ಷೇತ್ರದಲ್ಲಿಟ್ಟು, ಪರಮಾಣುಗಳನ್ನು ಒಂದೊಂದಾಗಿ ಕಿತ್ತು, ಅವು ಪತ್ತೆಯಂತ್ರವನ್ನು ತಲುಪಲು ಹಿಡಿದ ಸಮಯದಿಂದ ಯಾವ ಧಾತುವೆಂದು ತಿಳಿದು, ಮೂರು ಆಯಾಮದ ನಕ್ಷೆಯನ್ನೇ ಕಟ್ಟುವ ಪರಮಾಣು ಶೋಧಕ ವಿಧಾನವನ್ನು ರೂಪಿಸಿದರು. ಇದರ ಮೂಲಪುರುಷ ಎರ್ವಿನ್ ಮ್ಯೂಲರ್. 1955ರಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾ ರಾಜ್ಯ ವಿಶ್ವವಿದ್ಯಾಲಯದಲ್ಲಿ ಮನುಷ್ಯನ ಕಣ್ಣು ಮೊತ್ತಮೊದಲು ಬಿಡಿ ಪರಮಾಣುಗಳ ಬಿಂಬವನ್ನು ಕಂಡಾಗ ಮ್ಯೂಲರ್ ಜೊತೆಗಿದ್ದ ವಿದ್ಯಾರ್ಥಿ ಭಾರತದ ಕನ್ವರ್ ಬಹದ್ದೂರ್ ಎಂಬುದು ನಮ್ಮಲ್ಲಿ ಎಷ್ಟು ಜನರಿಗೆ ಗೊತ್ತು? ಬಿಂಬವನ್ನು ಕಾಣುವ ಆ ಸಾಧನ 1967ರಲ್ಲಿ ಪರಮಾಣುವಿನ ಜಾತಿಯನ್ನೂ ಹೇಳುವ ಶೋಧಕವಾಯಿತು. ಇಂದು ಐಐಟಿ ಮದ್ರಾಸಿನಲ್ಲಿ ಇದರ ರಾಷ್ಟ್ರೀಯ ಸೌಲಭ್ಯವೇ ಇದೆ. ಇನ್ನೊಂದು ವಿಧಾನದಲ್ಲಿ ಅಯಾನುಗಳ ಸಪೂರ ಧಾರೆಯಿಂದ ಲೋಹದ ಮೇಲ್ಮೈಯನ್ನು ಕೆರೆದು, ಸಿಡಿದು ಬಂದ ಅಯಾನುಗಳನ್ನು ತೂಗುತ್ತಾರೆ. ಲಿಥಿಯಂ ಅಯಾನಾಗುವುದಕ್ಕೆ ತುಂಬ ಸುಲಭವಾದ್ದರಿಂದ, ಕ್ಷ-ಕಿರಣಕ್ಕೆ ಸಿಗದ ಕಳ್ಳ ಇಲ್ಲಿ ಥಟ್ಟನೆ ಸಿಕ್ಕಿಬೀಳುತ್ತಾನೆ. ಸುಮಾರು 50 ನ್ಯಾನೊಮೀಟರ್ ಮಟ್ಟದ ನಕ್ಷೆ ಇದರಿಂದ ದೊರೆಯುತ್ತದೆ.

ಈ ವಿಜ್ಞಾನದಲ್ಲಿ ನನ್ನ ಮನಸ್ಸನ್ನು ಗೆದ್ದದ್ದು ಅದರ ಸೂಕ್ಷ್ಮತೆಗಿಂತ ಅದರ ಪ್ರಾಮಾಣಿಕತೆ. ಪರಮಾಣು ಶೋಧಕ ಉಪಕರಣಗಳು ಕಿತ್ತುಬಂದ ಪರಮಾಣುಗಳಲ್ಲಿ ನೂರಕ್ಕೆ ಸುಮಾರು 50ರಿಂದ 80ನ್ನು ಮಾತ್ರ ಹಿಡಿಯುತ್ತವೆ. ಉಳಿದವು ತಪ್ಪಿಹೋಗುತ್ತವೆ. ಈ ಕ್ಷೇತ್ರದಲ್ಲಿ ದುಡಿಯುವವರು ಇದನ್ನು ತಮ್ಮ ಪ್ರಬಂಧಗಳಲ್ಲಿ ಬರೆಯುತ್ತಾರೆ. ಎಷ್ಟು ಕಂಡೆ, ಎಷ್ಟು ಕಾಣಲಿಲ್ಲ ಎಂದು ಹೇಳದೆ ಅವರ ನಕ್ಷೆಯನ್ನು ಯಾರೂ ಒಪ್ಪುವುದಿಲ್ಲ.

ಈಗ ಗುಡ್ಡದ ನಕ್ಷೆಗೆ ಬನ್ನಿ

2020ರ ಫೆಬ್ರವರಿಯಲ್ಲಿ ನಮ್ಮ ಮಂಡ್ಯ ಜಿಲ್ಲೆಯ ಮಾರ್ಲಗಲ್ಲದ ಸುತ್ತ 14,100 ಟನ್ ಲಿಥಿಯಂ ಇದೆಯೆಂಬ ಸುದ್ದಿ ಪತ್ರಿಕೆಗಳಲ್ಲಿ ಮೊಳಗಿತು. ಮರುವರ್ಷ, 2021ರ ಫೆಬ್ರವರಿಯಲ್ಲಿ, ಸರ್ಕಾರವೇ ಸಂಸತ್ತಿಗೆ ತಿಳಿಸಿದ ಅಂಕಿ 1,600 ಟನ್. ಅದೂ "ಊಹಿತ" ವರ್ಗದ್ದು. ಅಂದರೆ ಮೇಲ್ಮೈ ಸಮೀಕ್ಷೆ ಮತ್ತು ಮಿತವಾದ ನೆಲದಾಳದ ಶೋಧನೆಯಿಂದ ಕಟ್ಟಿದ ಲೆಕ್ಕ. ಒಂದೇ ವರ್ಷದಲ್ಲಿ ಸಂಖ್ಯೆ ಒಂಬತ್ತರಲ್ಲಿ ಒಂದು ಪಾಲಿಗೆ ಕುಸಿಯಿತು. ಆದರೆ ಮೊದಲ ಸುದ್ದಿ ಹಬ್ಬಿಸಿದ ಉಮೇದು ಕುಸಿಯಲಿಲ್ಲ.

2023ರ ಫೆಬ್ರವರಿಯಲ್ಲಿ ಜಮ್ಮು ಪ್ರಾಂತದ ರಿಯಾಸಿಯ ಬೆಟ್ಟಗಳಲ್ಲಿ 59 ಲಕ್ಷ ಟನ್ ಎಂದು ಘೋಷಣೆಯಾಯಿತು. ದೇಶದ ಮೂಲೆಮೂಲೆಯಲ್ಲಿ ಜನ ಅದನ್ನು 59 ಲಕ್ಷ ಟನ್ ಲಿಥಿಯಂ ಎಂದೇ ಓದಿಕೊಂಡರು. ಅದು ಲಿಥಿಯಂ ಅದಿರಿನ ಲೆಕ್ಕ. ಅದೂ ಊಹಿತ ವರ್ಗದ ಲೆಕ್ಕ. ಅದಿರಿಗೂ ಲೋಹಕ್ಕೂ ನಡುವೆ ಎಷ್ಟು ಅಂತರವಿದೆಯೆಂಬುದು ಬತ್ತಕ್ಕೂ ಅಕ್ಕಿಗೂ ನಡುವಿನ ಅಂತರ ಬಲ್ಲ ರೈತನಿಗೆ ವಿವರಿಸಬೇಕಿಲ್ಲ. ಇಲ್ಲಿನ ಹೊಟ್ಟಿನ ಪ್ರಮಾಣವೋ ಭಯಂಕರ. ಶೇಕಡ 1ರಷ್ಟು ಲಿಥಿಯಂ ಆಕ್ಸೈಡ್ ಇರುವ ಒಂದು ಟನ್ ಅದಿರಿನಲ್ಲಿ ಇರುವ ಲಿಥಿಯಂ ಸುಮಾರು 4.6 ಕಿಲೊ ಮಾತ್ರ. ಉಳಿದ 995 ಕಿಲೊ ಪುಡಿಕಲ್ಲು ಎಲ್ಲಿಗೆ ಹೋಗಬೇಕು? ಅಂಥ ಅದಿರಿನಿಂದ 1,600 ಟನ್ ಲಿಥಿಯಂ ಬೇಕೆಂದರೆ, ಒಂದು ಚೂರೂ ನಷ್ಟವಾಗದೆಂದು ಇಟ್ಟುಕೊಂಡರೂ, ಸುಮಾರು ಮೂರೂವರೆ ಲಕ್ಷ ಟನ್ ಕಲ್ಲನ್ನು ಅರೆಯಬೇಕು. ಅದಿರಿನ ಮೇಲೆ ಹೊದ್ದಿರುವ ಮಣ್ಣು, ಮರ, ಬಂಡೆಯ ಲೆಕ್ಕ ಬೇರೆ. ದೊಡ್ಡ ವಿದ್ಯುತ್ ಕಾರೊಂದರ ಬ್ಯಾಟರಿಗೆ ಸುಮಾರು 8 ಕಿಲೊ ಲಿಥಿಯಂ ಎಂದಿಟ್ಟುಕೊಂಡರೆ, ಇದೆಲ್ಲ ಸೇರಿ 2 ಲಕ್ಷ ಕಾರುಗಳಿಗೆ ಸಾಕಾದೀತು.

ಇಷ್ಟು ಮಸುಕಾದ ನಕ್ಷೆಯನ್ನು ಕೈಯಲ್ಲಿಟ್ಟುಕೊಂಡು ನಡೆದ ಅವಸರವನ್ನು ನೋಡಿ. 2023ರ ಆಗಸ್ಟ್‌ನಲ್ಲಿ ಗಣಿ ಮತ್ತು ಖನಿಜ ಕಾಯ್ದೆಗೆ ತಿದ್ದುಪಡಿ ತಂದು ಲಿಥಿಯಮನ್ನು ಪರಮಾಣು ಖನಿಜಗಳ ಪಟ್ಟಿಯಿಂದ ಹೊರತೆಗೆದರು. ಹರಾಜಿನ ಅಧಿಕಾರವನ್ನು ಕೇಂದ್ರವೇ ವಹಿಸಿಕೊಂಡಿತು. ಆ ವರ್ಷದ ನವೆಂಬರ್‌ನಲ್ಲೇ ರಿಯಾಸಿಯನ್ನು ಹರಾಜಿಗಿಟ್ಟರು. ಬಿಡ್ಡುದಾರರು ಸಾಲದೆ 2024ರಲ್ಲಿ ಎರಡು ಬಾರಿ ಆ ಹರಾಜನ್ನು ರದ್ದುಪಡಿಸಬೇಕಾಯಿತು. ನಕ್ಷೆ ಮಸುಕಾಗಿದೆಯೆಂಬುದು ಹಣ ಹೂಡುವವರಿಗೆ ತಿಳಿಯಿತು. ಅವರು ಹಿಂದೆ ಸರಿದರು. ಗುಡ್ಡದ ಮೇಲೆ ಮನೆ ಕಟ್ಟಿಕೊಂಡವರಿಗೆ ಹಿಂದೆ ಸರಿಯಲು ಜಾಗವಿಲ್ಲ.

ಇದಾದ ಮೇಲೆ 2025ರ ಸೆಪ್ಟೆಂಬರ್‌ನಲ್ಲಿ ಕೇಂದ್ರ ಪರಿಸರ ಸಚಿವಾಲಯವು ಪರಮಾಣು ಖನಿಜ ಮತ್ತು ನಿರ್ಣಾಯಕ ಖನಿಜಗಳ ಗಣಿ ಯೋಜನೆಗಳಿಗೆ ಸಾರ್ವಜನಿಕ ಅಹವಾಲಿನಿಂದ ವಿನಾಯಿತಿ ಕೊಟ್ಟಿತು. ಲೋಹದ ಸೂಜಿಯ ತುದಿಯಲ್ಲಿ ತಪ್ಪಿಹೋದ ಪರಮಾಣುವಿಗೂ ಲೆಕ್ಕ ಕೇಳುವ ಕಾಲದಲ್ಲಿ, ಊರಿನವರನ್ನು ಒಂದು ಮಾತು ಕೇಳುವುದು ಅನವಶ್ಯಕ ಎಂದಾಯಿತು. ಈ ಎರಡನ್ನೂ ವಿಜ್ಞಾನದ ಹೆಸರಿನಲ್ಲೇ ಮಾಡಲಾಗುತ್ತಿದೆ. ಒಂದು ವಿಜ್ಞಾನ, ಇನ್ನೊಂದು ವಿಜ್ಞಾನದ ಮುಖವಾಡ.

ಮಳೆಗಾಲವನ್ನು ಬಿಟ್ಟು ಬರೆದ ಮಲೆನಾಡಿನ ವರದಿ

ಪರಿಸರ ಪರಿಣಾಮ ವರದಿಗಾಗಿ ಗಣಿ ಪ್ರದೇಶದ ನೀರು, ಗಾಳಿ, ಮಣ್ಣಿನ ಮೂಲ ಸ್ಥಿತಿಯನ್ನು ದಾಖಲಿಸುವುದು ಸಾಮಾನ್ಯವಾಗಿ ಒಂದು ಋತುವಿನಲ್ಲಿ. ಯಾವ ಋತು? ಮಳೆಗಾಲವನ್ನು ಬಿಟ್ಟು ಬೇರೆ ಯಾವುದಾದರೂ. ಬಯಲುಸೀಮೆಯಲ್ಲಿ ಕುಳಿತವರಿಗೆ ಇದು ಸಣ್ಣ ಸಂಗತಿಯಾಗಿ ಕಂಡೀತು. ಮಲೆನಾಡಿನಲ್ಲಿ ಹುಟ್ಟಿದ ಮಗುವಿಗೂ ಗೊತ್ತು: ನಮ್ಮ ಮಣ್ಣು ಕದಲುವುದು, ಹಳ್ಳ ಕೆಂಪಾಗುವುದು, ಬಾವಿಯ ನೀರು ಬಣ್ಣ ತಿರುಗುವುದು ಎಲ್ಲವೂ ಆರಿದ್ರೆಯಿಂದ ಆಚೆಗಿನ ನೂರು ದಿನಗಳಲ್ಲಿ. ಆ ನೂರು ದಿನಗಳನ್ನು ಬಿಟ್ಟು ಬರೆದ ವರದಿ ನಮ್ಮ ಗುಡ್ಡದ ವರದಿಯೇ ಅಲ್ಲ.

ಕುದುರೆಮುಖವನ್ನು ಮರೆತಿದ್ದೇವೆಯೆ? ಸರ್ವೋಚ್ಚ ನ್ಯಾಯಾಲಯದ 2002ರ ಆದೇಶದಂತೆ 2005ರ ಕೊನೆಗೆ ಅಲ್ಲಿನ ಕಬ್ಬಿಣದ ಅದಿರಿನ ಗಣಿ ನಿಂತಿತು. ಆ ಹೋರಾಟದಲ್ಲಿ ಘೋಷಣೆಯಷ್ಟೇ ಕೆಲಸ ಮಾಡಲಿಲ್ಲ. ಜಡಿಮಳೆಯಲ್ಲಿ ನಿಂತು ಭದ್ರೆಯ ನೀರನ್ನು ಸೀಸೆಗೆ ತುಂಬಿ, ಹೂಳನ್ನು ಸೋಸಿ, ಒಣಗಿಸಿ, ತೂಗಿದ ಸಂಶೋಧಕರ ಅಂಕಿಗಳೂ ಕೆಲಸ ಮಾಡಿದವು. ವರ್ಷದ ಹೂಳಿನ ಬಹುಪಾಲು ಕೆಲವೇ ದಿನಗಳ ಬಿರುಮಳೆಯಲ್ಲಿ ಹರಿದುಹೋಗುತ್ತದೆ. ಬೇಸಿಗೆಯಲ್ಲಿ ಹೋಗಿ ಅಳೆದವನಿಗೆ ಭದ್ರೆ ಸ್ಫಟಿಕದಂತೆ ಕಾಣುತ್ತಾಳೆ. ಲೋಹದ ಬರಿದಾದ ಪಟ್ಟಿಯನ್ನು ಸರಾಸರಿ ಮುಚ್ಚಿಡುವಂತೆಯೇ, ನದಿಯ ಆ ಕೆಲವು ದಿನಗಳನ್ನೂ ಸರಾಸರಿ ಮುಚ್ಚಿಡುತ್ತದೆ. ಗಣಿ ನಿಂತು ಎರಡು ದಶಕ ಕಳೆದರೂ ಲಕ್ಯಾ ಅಣೆಕಟ್ಟೆಯ ಹಿಂದೆ ಅದಿರಿನ ಹೂಳು ಇನ್ನೂ ಕುಳಿತಿದೆ.

ಕೃಷಿ ವಿಜ್ಞಾನಿಯಾಗಿ ನನ್ನ ಕ್ಷೇತ್ರದ ಮಾತನ್ನೂ ಹೇಳಬೇಕು. ಲಿಥಿಯಂ ಸಸ್ಯಗಳಿಗೆ ಅವಶ್ಯಕ ಪೋಷಕಾಂಶವಲ್ಲ. ಆದರೆ ಅದು ಮಣ್ಣಿನಲ್ಲಿ ಸುಲಭವಾಗಿ ಚಲಿಸುತ್ತದೆ, ಬೇರು ಅದನ್ನು ತಡೆಯಿಲ್ಲದೆ ಹೀರಿಕೊಳ್ಳುತ್ತದೆ. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯು 1985ರಲ್ಲೇ ನೀರಾವರಿಯ ನೀರಿಗೆ ಲೀಟರಿಗೆ 2.5 ಮಿಲಿಗ್ರಾಂ ಲಿಥಿಯಂ ಮಿತಿಯೆಂದು ಸೂಚಿಸಿತು. ಬಹುತೇಕ ಬೆಳೆಗಳು ಅದಕ್ಕಿಂತ ಹೆಚ್ಚನ್ನೂ ತಾಳಿಕೊಳ್ಳುತ್ತವೆ. ಒಂದು ಕುಲಕ್ಕೆ ಮಾತ್ರ ಬೇರೆಯೇ ಮಿತಿ: ಲೀಟರಿಗೆ 0.075 ಮಿಲಿಗ್ರಾಂ. ಯಾವ ಕುಲ? ನಿಂಬೆ, ಕಿತ್ತಳೆ, ಹೆರಳೆ, ಚಕ್ಕೋತಗಳ ಕುಲ. ಬೇರೆ ಬೆಳೆಗೆ ಒಪ್ಪಿದ ಮಿತಿಯ ಮೂವತ್ತಮೂರರಲ್ಲಿ ಒಂದು ಪಾಲೇ ಕಿತ್ತಳೆಗೆ ಕೇಡು. ನಾನಾ ರೋಗಗಳಿಂದ ಈಗಾಗಲೇ ಸೊರಗಿರುವ ಕೊಡಗು ಮಲೆನಾಡಿನ ಕಿತ್ತಳೆಗೆ ಇನ್ನೊಂದು ಹೊರೆ ಬಂದರೆ ಅದನ್ನು ಮೊದಲು ಗುರುತಿಸುವವರು ಯಾರು?

ಈಗಿನ ಏರ್ಪಾಟಿನಲ್ಲಿ ಯಾರೂ ಇಲ್ಲ. 2015ರಲ್ಲಿ ಆರಂಭವಾದ ಮಣ್ಣು ಆರೋಗ್ಯ ಚೀಟಿಯಲ್ಲಿ ಹನ್ನೆರಡು ಅಂಶಗಳಿವೆ, ಲಿಥಿಯಂ ಅವುಗಳಲ್ಲಿಲ್ಲ. ನಮ್ಮ ದೇಶದ ಕುಡಿಯುವ ನೀರಿನ ಮಾನಕದಲ್ಲೂ ಲಿಥಿಯಂಗೆ ಮಿತಿ ಇಲ್ಲ. ಗಣಿ ಬರುವ ಮೊದಲು ನಿಮ್ಮ ಬಾವಿಯಲ್ಲಿ ಎಷ್ಟಿತ್ತು ಎಂಬ ದಾಖಲೆ ಇಲ್ಲದಿದ್ದರೆ, ಬಂದ ಮೇಲೆ ಎಷ್ಟಾದರೂ "ಮೊದಲಿನಿಂದಲೂ ಇತ್ತು" ಎಂದು ಒಂದೇ ವಾಕ್ಯದಲ್ಲಿ ಪ್ರಕರಣ ಮುಗಿಯುತ್ತದೆ.

ಉಪಕರಣವಿಲ್ಲ, ಹಣವಿಲ್ಲ ಎನ್ನುವವರಿಗೆ ಒಂದು ಪ್ರಸಂಗ. ನಾನು ಹಿಂದೆ ಕೆಲಸ ಮಾಡುತ್ತಿದ್ದ ಮಣ್ಣು ಪರೀಕ್ಷಾ ಪ್ರಯೋಗಾಲಯವೊಂದರಲ್ಲಿ ಪೊಟ್ಯಾಷ್ ಅಳೆಯುವ ಫ್ಲೇಮ್ ಫೋಟೋಮೀಟರ್ ಇತ್ತು. ಜಿಲ್ಲೆಗಳ ಎಲ್ಲ ಪ್ರಯೋಗಾಲಯಗಳಲ್ಲೂ ಇರುವಂಥದೇ. ಒಂದು ದಿನ ಬೀರುವನ್ನು ಶುಚಿ ಮಾಡುವಾಗ ಅದರ ಜೊತೆಗೆ ಬಂದಿದ್ದ ಪುಟ್ಟ ಪೆಟ್ಟಿಗೆ ಸಿಕ್ಕಿತು. ಒಳಗೆ, ಹೊದಿಸಿದ ಕಾಗದವನ್ನೂ ಬಿಚ್ಚದೆ ಇಟ್ಟಿದ್ದ ಲಿಥಿಯಂ ಫಿಲ್ಟರ್! ಲಿಥಿಯಂ ಉರಿಯಲ್ಲಿ ಕಡುಗೆಂಪಾಗಿ ಬೆಳಗುತ್ತದೆ. ಆ ಫಿಲ್ಟರ್ ಹಾಕಿದರೆ ಅದೇ ಯಂತ್ರ ಲೀಟರಿಗೆ ಅರ್ಧ ಮಿಲಿಗ್ರಾಂ ಆಸುಪಾಸಿನ ಲಿಥಿಯಮನ್ನು ತೋರಿಸಬಲ್ಲದು. ಅದಕ್ಕಿಂತ ಸೂಕ್ಷ್ಮವಾಗಿ ಬೇಕೆಂದರೆ ಸತು, ಕಬ್ಬಿಣಗಳನ್ನು ಅಳೆಯಲು ಕೃಷಿ ವಿಶ್ವವಿದ್ಯಾಲಯಗಳು ಬಳಸುವ ಪರಮಾಣು ಹೀರಿಕೆ ಯಂತ್ರ ಸಾಕು. ಸಾಧನ ಇತ್ತು, ಜಾಗದಲ್ಲೇ ಇತ್ತು. ಅಳೆಯಿರಿ ಎಂದು ಯಾರೂ ಹೇಳಿರಲಿಲ್ಲ. ನಾನೂ ಆ ದಿನ ಪೆಟ್ಟಿಗೆಯನ್ನು ಮುಚ್ಚಿ ಅಲ್ಲೇ ಇಟ್ಟೆ. ಆ ತಪ್ಪಿನ ಪಾಲು ನನ್ನದೂ ಹೌದು.

ಎದುರು ಮಾತುಗಳಿಗೆ ಉತ್ತರ

"ಮಿಶ್ರಲೋಹಕ್ಕೆ ಹೋಗುವ ಲಿಥಿಯಂ ಎಷ್ಟು ಮಹಾ? ಅದಕ್ಕೂ ಗಣಿಗೂ ಗಂಟು ಹಾಕುವುದೇಕೆ?" ಎಂದು ಕೇಳಬಹುದು. ನ್ಯಾಯವಾದ ಪ್ರಶ್ನೆ. ಲೋಕದ ಲಿಥಿಯಂನಲ್ಲಿ ನೂರಕ್ಕೆ ಎಂಬತ್ತಕ್ಕೂ ಹೆಚ್ಚು ಪಾಲು ಹೋಗುವುದು ಬ್ಯಾಟರಿಗೆ. ವಿಮಾನದ ಲೋಹಕ್ಕೆ ಸಲ್ಲುವುದು ಚೂರು. ಆದರೆ ಬ್ಯಾಟರಿಯ ಒಳಗೂ ನಡೆಯುವುದು ಇದೇ ವ್ಯವಹಾರ. ಹೊಸ ಬಗೆಯ ಬ್ಯಾಟರಿಗಳಲ್ಲಿ ವಿದ್ಯುತ್ ತುಂಬುವಾಗ ಲಿಥಿಯಂ ಸಿಲಿಕಾನ್, ಮೆಗ್ನೀಸಿಯಂ, ಅಲ್ಯೂಮಿನಿಯಂಗಳ ಒಳಹೊಕ್ಕು ಮಿಶ್ರವಾಗುತ್ತದೆ. ಒಂದಿಷ್ಟು ಪ್ರತಿಸಲವೂ ಅಲ್ಲಲ್ಲೇ ಸಿಕ್ಕಿಹಾಕಿಕೊಂಡು ನಿರ್ಜೀವವಾಗುತ್ತದೆ. ಬ್ಯಾಟರಿ ಮುದಿಯಾಗುವುದಕ್ಕೆ ಅದೂ ಒಂದು ಕಾರಣ. ಎಲ್ಲಿ ಸಿಕ್ಕಿಕೊಂಡಿತು ಎಂದು ತಿಳಿದರೆ ಬ್ಯಾಟರಿ ಹೆಚ್ಚು ವರ್ಷ ಬಾಳುತ್ತದೆ. ಬ್ಯಾಟರಿ ಹೆಚ್ಚು ವರ್ಷ ಬಾಳಿದರೆ ಅಗೆಯಬೇಕಾದ ಗುಡ್ಡ ಕಡಿಮೆಯಾಗುತ್ತದೆ. ಆದ್ದರಿಂದ ಈ ನಕ್ಷೆಗಾರರು ನಮ್ಮ ಶತ್ರುಗಳಲ್ಲ. ನ್ಯಾನೊ ಎಂಬ ಪದ ಕೇಳಿದೊಡನೆ ಮುಖ ತಿರುಗಿಸುವ ಅಭ್ಯಾಸವನ್ನು ನಾವು ಬಿಡಬೇಕು. ಅಕ್ಕಿಯ ಕಾಳಿನಲ್ಲಿ ಆರ್ಸೆನಿಕ್ ಎಲ್ಲಿ ಸೇರಿಕೊಳ್ಳುತ್ತದೆಯೆಂದು ಕೃಷಿ ವಿಜ್ಞಾನಕ್ಕೆ ತೋರಿಸಿಕೊಟ್ಟದ್ದರಲ್ಲಿ ಇದೇ ಅಯಾನು ಧಾರೆಯ ಯಂತ್ರವೂ ಒಂದು.

"ಹಗುರ ವಿಮಾನ, ವಿದ್ಯುತ್ ಕಾರು ಎಲ್ಲವೂ ಪರಿಸರಕ್ಕೇ ಅಲ್ಲವೆ? ನೀವೇ ವಿರೋಧಿಸಿದರೆ ಹೇಗೆ?" ಎಂಬುದು ಎರಡನೆಯ ಮಾತು. ಹೊಗೆ ಕಡಿಮೆಯಾಗುವುದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ವಿಮಾನದ ರೆಕ್ಕೆಯಿಂದ ಇಳಿದ ಭಾರ ಗಾಳಿಯಲ್ಲಿ ಕರಗಿಹೋಗಲಿಲ್ಲ. ಅದು ಯಾರದೋ ಊರಿನ ಕಣಿವೆಯಲ್ಲಿ ಪುಡಿಕಲ್ಲಿನ ರಾಶಿಯಾಗಿ ಕುಳಿತಿದೆ. ಸರ್ಬಿಯಾದ ಯಾದರ್ ಕಣಿವೆಯ ರೈತರು ಇದನ್ನೇ ಕೇಳಿದರು. ಅವರ ಪ್ರತಿಭಟನೆಗೆ ಮಣಿದು 2022ರ ಜನವರಿಯಲ್ಲಿ ಅಲ್ಲಿನ ಸರ್ಕಾರ ಲಿಥಿಯಂ ಗಣಿಯ ಅನುಮತಿಯನ್ನು ರದ್ದು ಮಾಡಿತು. 2024ರಲ್ಲಿ ಮತ್ತೆ ಜೀವ ಕೊಟ್ಟಿತು. ಜನ ಮತ್ತೆ ಬೀದಿಗಿಳಿದರು. ಅವರೂ ಹೊಗೆಯ ಪರವಾಗಿರಲಿಲ್ಲ. ಲೆಕ್ಕದ ಎರಡೂ ಕಡೆಯನ್ನು ಬರೆಯಿರಿ ಎಂದಷ್ಟೇ ಕೇಳಿದ್ದರು.

ಮೂರನೆಯದು, "ಮರುಬಳಕೆ ನಿಯಮ ಬಂದಿದೆಯಲ್ಲ" ಎಂಬ ಸಮಾಧಾನ. 2022ರ ಬ್ಯಾಟರಿ ತ್ಯಾಜ್ಯ ನಿಯಮಗಳ ಪ್ರಕಾರ 2026-27ರಿಂದ ಹಳೆಯ ಬ್ಯಾಟರಿಯ ಒಣ ತೂಕದ ಶೇಕಡ 90ರಷ್ಟು ವಸ್ತುವನ್ನು ಮರಳಿ ಪಡೆಯಬೇಕು. ಕೇಳಲು ಹಿತವಾಗಿದೆ. ಆದರೆ ಕಾರಿನ ಬ್ಯಾಟರಿಯ ತೂಕದಲ್ಲಿ ಲಿಥಿಯಂ ಇರುವುದು ನೂರಕ್ಕೆ ಎರಡೋ ಮೂರೋ ಪಾಲು. ಉಕ್ಕು, ತಾಮ್ರ, ಅಲ್ಯೂಮಿನಿಯಂ, ನಿಕ್ಕಲ್‌ಗಳನ್ನು ಹೆಕ್ಕಿಕೊಂಡು ಲಿಥಿಯಮನ್ನು ಪೂರ್ತಿ ಚೆಲ್ಲಿದರೂ ಕಾಗದದ ಮೇಲೆ ಶೇಕಡ 90ನ್ನು ಮುಟ್ಟಬಹುದು! ಯುರೋಪಿನ ಒಕ್ಕೂಟ 2023ರಲ್ಲಿ ತಂದ ನಿಯಮ ಲಿಥಿಯಮನ್ನು ಹೆಸರಿಸಿಯೇ ಗುರಿ ಇಟ್ಟಿದೆ: 2027ರ ಕೊನೆಗೆ ಶೇಕಡ 50, 2031ರ ಕೊನೆಗೆ ಶೇಕಡ 80. ನಮ್ಮ ನಿಯಮದಲ್ಲಿ ಮತ್ತೆ ಅದೇ ಸರಾಸರಿ, ಮತ್ತೆ ಅದೇ ಮರೆ. ವಿಮಾನದ ಲೋಹದ ಕತೆಯೂ ಬೇರೆಯಲ್ಲ. ದಪ್ಪ ಹಲಗೆಯಿಂದ ಬಿಡಿಭಾಗವನ್ನು ಕೊರೆಯುವಾಗ ಅರ್ಧಕ್ಕಿಂತ ಎಷ್ಟೋ ಹೆಚ್ಚು ಲೋಹ ಹೆರಕಲಾಗಿ ಉದುರುತ್ತದೆ. ಆ ಹೆರಕಲನ್ನು ಬೇರೆಯಾಗಿಡದೆ ಸಾಮಾನ್ಯ ಅಲ್ಯೂಮಿನಿಯಂ ಜೊತೆ ಕರಗಿಸಿದರೆ ಹತ್ತು ಲಕ್ಷಕ್ಕೆ ಕೆಲವೇ ಪಾಲು ಲಿಥಿಯಂ ಕೂಡ ತೆಳುಹಾಳೆಯನ್ನು ಕೆಡಿಸುತ್ತದೆ. ಅಲ್ಲಿ ಕೆಲವೇ ಪಾಲನ್ನು ಹುಡುಕಿ ತೆಗೆಯುವ ಕಾರ್ಖಾನೆಯಿದೆ. ಬಾವಿಯ ನೀರಿನಲ್ಲಿ ಅಷ್ಟನ್ನೇ ಹುಡುಕುವುದು ಮಾತ್ರ ಅಸಾಧ್ಯವೆ?

ನಾವು ಕೇಳಬೇಕಾದದ್ದು

ಮೊದಲನೆಯದಾಗಿ, ಲಿಥಿಯಂ ಗಣಿಗೆಂದು ಗುರುತಿಸಿದ ಯಾವ ಪ್ರದೇಶವೇ ಇರಲಿ, ಅದರ ಕೆಳಗಿನ ಹಳ್ಳ, ಬಾವಿ, ತೋಟಗಳ ಲಿಥಿಯಂ ಪ್ರಮಾಣವನ್ನು ಮಳೆಗಾಲವೂ ಸೇರಿ ಒಂದು ಪೂರ್ಣ ವರ್ಷ ಅಳೆದು, ಗ್ರಾಮ ಪಂಚಾಯತಿಯ ಫಲಕದಲ್ಲಿ ಪ್ರಕಟಿಸಿದ ನಂತರವೇ ಹರಾಜಿನ ಮಾತು ಬರಬೇಕು. ಎರಡನೆಯದಾಗಿ, ನಿಕ್ಷೇಪದ ಸಂಖ್ಯೆಯನ್ನು ಘೋಷಿಸುವಾಗ ಅದು ಅದಿರೋ ಲೋಹವೋ, ಊಹಿತವೋ ಖಚಿತವೋ, ಒಂದು ಕಿಲೊ ಲಿಥಿಯಂಗೆ ಎಷ್ಟು ಟನ್ ತ್ಯಾಜ್ಯ ಉಳಿಯುತ್ತದೆ ಎಂಬುದನ್ನು ಕನ್ನಡದಲ್ಲಿ, ಅದೇ ಪುಟದಲ್ಲಿ, ಅದೇ ಗಾತ್ರದ ಅಕ್ಷರದಲ್ಲಿ ಮುದ್ರಿಸಬೇಕು. ಮೂರನೆಯದಾಗಿ, ಸಾರ್ವಜನಿಕ ಅಹವಾಲಿನಿಂದ ಕೊಟ್ಟ ವಿನಾಯಿತಿಯನ್ನು ಹಿಂತೆಗೆದುಕೊಳ್ಳಬೇಕು. ನಾಲ್ಕನೆಯದಾಗಿ, ಬ್ಯಾಟರಿ ತ್ಯಾಜ್ಯದ ನಿಯಮದಲ್ಲಿ ಲಿಥಿಯಂಗೆ ಅದರದೇ ಗುರಿಯನ್ನು ಹೆಸರಿಸಿ ಇಡಬೇಕು. ಮನೆಯಲ್ಲಿರುವುದನ್ನು ಚೆಲ್ಲಿ ಬೆಟ್ಟಕ್ಕೆ ಗುದ್ದಲಿ ಹಾಕುವುದು ಯಾವ ಜಾಣತನ?

ಬೇಡಿಕೆ ಇಡುವವರಿಗೂ ಕೆಲಸವಿದೆ. ಮುಂದಿನ ಸಭೆಗೆ ಬರುವಾಗ ಪ್ರತಿಯೊಬ್ಬರೂ ತಮ್ಮ ಬಾವಿಯ ಅಥವಾ ಅಬ್ಬಿಯ ನೀರನ್ನು ಒಂದು ಲೀಟರಿನ ಪ್ಲಾಸ್ಟಿಕ್ ಸೀಸೆಯಲ್ಲಿ ತನ್ನಿ. ಗಾಜಿನ ಸೀಸೆ ಬೇಡ, ಗಾಜಿನಲ್ಲೇ ಲಿಥಿಯಂ ಇರಬಹುದು. ಸೀಸೆಯನ್ನು ಅದೇ ನೀರಿನಿಂದ ಮೂರು ಬಾರಿ ತೊಳೆದು ತುಂಬಿ. ದಿನಾಂಕ, ಜಾಗ, ಹಿಂದಿನ ದಿನ ಮಳೆ ಬಂದಿತ್ತೇ ಎಂಬುದನ್ನು ಚೀಟಿಯಲ್ಲಿ ಬರೆದು ಅಂಟಿಸಿ. ವೈಶಾಖದಲ್ಲಿ ಒಂದು, ಆಷಾಢದಲ್ಲಿ ಒಂದು, ಕಾರ್ತಿಕದಲ್ಲಿ ಒಂದು. ಪರೀಕ್ಷೆ ಮಾಡಿಸುವ ಹೊಣೆ ನನ್ನದು. ನಮ್ಮ ಊರಿಗೆ ಲಿಥಿಯಂ ಗಣಿ ಎಂದೂ ಬಾರದಿರಬಹುದು. ಆಗಲೂ ಈ ದಾಖಲೆ ವ್ಯರ್ಥವಲ್ಲ. ನೀರು ಮೊದಲು ಹೇಗಿತ್ತು ಎಂದು ಹೇಳಬಲ್ಲ ಒಂದು ಪುಸ್ತಕ ನಮ್ಮ ಬಳಿ ಇರುತ್ತದೆ.

ಅಂದು ನಕ್ಕ ಕಿರಿಯ ಮಿತ್ರರಲ್ಲಿ ಒಂದು ವಿನಂತಿ. ಆ ಪತ್ರಿಕೆಯ ತುಣುಕನ್ನು ಎಸೆಯಬೇಡಿ. ನಮ್ಮ ಪುಸ್ತಕದ ಮೊದಲ ಪುಟಕ್ಕೆ ಅದನ್ನು ಅಂಟಿಸೋಣ. ಲೆಕ್ಕ ಎಂದರೆ ಹೇಗಿರಬೇಕು ಎಂಬುದಕ್ಕೆ ಅದು ಮಾದರಿ.